ಬಿದ್ದ 14 ಮೀಟರ್, ನಿಂತ 18 ಮೀಟರ್: ಕೊಡಗಿನ ಒಬ್ಬ ಎಂಜಿನಿಯರ್ ಮತ್ತು ನಮ್ಮ ಸಂಘ

ಸಂಘದ ಸದಸ್ಯತ್ವದ ರಸೀದಿಯ ಮೇಲಿರುವ ತಾರೀಖು ಆಗಸ್ಟ್ 9. ಆ ಸದಸ್ಯೆಯ ಉಸ್ತುವಾರಿಯಲ್ಲಿ ಕಟ್ಟಿದ ತಡೆಗೋಡೆ ಬಿದ್ದದ್ದು ಆಗಸ್ಟ್ 4ರ ರಾತ್ರಿ. ನಡುವೆ ಐದು ದಿನ. ಈ ಐದು ದಿನದ ಮೇಲೆ ನಮ್ಮ ನೌಕರರ ಸಂಘದ ಜಿಲ್ಲಾ ಸಮಿತಿ ಮಡಿಕೇರಿಯ ಒಂದು ಸಣ್ಣ ಕೋಣೆಯಲ್ಲಿ ಮೂರು ಗಂಟೆ ಜಗಳ ಆಡಿತು. ಆ ಜಗಳದಲ್ಲಿ ನಾನು ಯಾವ ಕಡೆ ಇದ್ದೆ ಎನ್ನುವುದನ್ನೂ ಮುಂದೆ ಹೇಳುತ್ತೇನೆ.

ನಾನು ಸರ್ಕಾರಿ ಇಲಾಖೆಯೊಂದರಲ್ಲಿ ಎಇಇ, ಅಂದರೆ ಸಹಾಯಕ ಕಾರ್ಯಪಾಲಕ ಎಂಜಿನಿಯರ್. ಸೇವೆಯ ಹೆಚ್ಚಿನ ವರ್ಷ ಕಳೆದದ್ದು ಕೊಡಗಿನಲ್ಲೇ. ಈ ಪ್ರಕರಣದಲ್ಲಿ ಆರೋಪ ಎದುರಿಸಿದವರ ಪಕ್ಕ ವಿಚಾರಣೆಯಲ್ಲಿ ಕೂತವನು ನಾನು. ಹಾಗಾಗಿ ದೂರ ನಿಂತು ನೋಡಿದವನ ಮಾತು ಇದಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಇಲಾಖೆ, ಊರು, ವರ್ಷ ಬಿಟ್ಟಿದ್ದೇನೆ. ಕೊಡಗು ಚಿಕ್ಕ ಜಿಲ್ಲೆ, ಒಂದು ಸುಳಿವು ಸಿಕ್ಕರೆ ಸಾಕು, ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಅವರನ್ನು ಇಲ್ಲಿ ಮೇಡಂ ಎಂದಷ್ಟೇ ಕರೆಯುತ್ತೇನೆ. ಆಫೀಸಿನಲ್ಲಿ ನಾವು ಕರೆಯುವುದೂ ಹಾಗೇ.

ಮೇಡಂ ರಾಯಚೂರು ಕಡೆಯವರು. ಸಹಾಯಕ ಎಂಜಿನಿಯರ್ ಆಗಿ ಬಂದ ಮೊದಲ ಪೋಸ್ಟಿಂಗೇ ಕೊಡಗು. ಬಿಸಿಲೂರಿನಿಂದ ಬಂದವರಿಗೆ ಇಲ್ಲಿನ ಮೊದಲ ಮಳೆಗಾಲ ಬಹಳ ಕಷ್ಟ. ಬಟ್ಟೆ ಒಣಗುವುದಿಲ್ಲ, ಕಡತದ ಹಾಳೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಬೂಟಿನ ಮೇಲೆ ಬೂಷ್ಟು ಬೆಳೆಯುತ್ತದೆ. ಆದರೂ ಅವರು ಸೈಟು ಬಿಟ್ಟವರಲ್ಲ. ಇದನ್ನು ಅವರ ಪರ ವಹಿಸಿ ಹೇಳುತ್ತಿಲ್ಲ. ಅವರ ಹಾಜರಿ, ಆದ ಕೆಲಸವನ್ನು ಅಳೆದು ಬರೆಯುವ ಅವರ ಅಳತೆ ಪುಸ್ತಕ ಎರಡನ್ನೂ ಸಾಲು ಸಾಲಾಗಿ ಓದಿದವನು ನಾನು.

ಸಂಬಳ ಎಲ್ಲರಿಗೂ ಬರುತ್ತಲ್ವಾ?

2023ರ ಮಾರ್ಚ್ 1ರಂದು ರಾಜ್ಯದ ಸರ್ಕಾರಿ ನೌಕರರು ಮುಷ್ಕರಕ್ಕೆ ಇಳಿದದ್ದು ನೆನಪಿರಬಹುದು. ಅದೇ ದಿನ ಸರ್ಕಾರ ಮೂಲ ವೇತನದ ಶೇ. 17ರಷ್ಟು ಮಧ್ಯಂತರ ಪರಿಹಾರ ಘೋಷಿಸಿತು, ಮುಷ್ಕರ ನಿಂತಿತು. ಅದಾದ ಮೇಲೆ ನಾವು ಸಂಘದ ರಸೀದಿ ಪುಸ್ತಕ ಹಿಡಿದು ಆಫೀಸಿಂದ ಆಫೀಸಿಗೆ ಹೋದೆವು. ಉತ್ಸಾಹ ಇತ್ತು. ಸುಮಾರು ಜನ ಸದಸ್ಯರಾದರು.

ಮೇಡಂ ಆಗಲಿಲ್ಲ. ಅವರು ಕೇಳಿದ ಪ್ರಶ್ನೆ ನೇರವಾಗಿತ್ತು. "17 ಪರ್ಸೆಂಟ್ ಎಲ್ಲರಿಗೂ ಸಿಕ್ತಲ್ವಾ ಸರ್? ನಾನು ಸದಸ್ಯೆ ಆದ್ರೂ ಅಷ್ಟೇ, ಆಗದಿದ್ರೂ ಅಷ್ಟೇ. ಮತ್ತೆ 1,200 ರೂಪಾಯಿ ಯಾಕೆ ಕೊಡ್ಲಿ?"

ನಿಜ ಹೇಳಬೇಕೆಂದರೆ ಆವತ್ತು ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ. ಒಗ್ಗಟ್ಟು, ಶಕ್ತಿ ಅಂತ ಏನೋ ಹೇಳಿದೆ. ಅವರು ನಗುತ್ತಾ, "ಆಮೇಲೆ ನೋಡೋಣ ಸರ್" ಅಂದರು. ಲೆಕ್ಕ ನೋಡಿದರೆ ಅವರು ಹೇಳಿದ್ದು ಸರಿಯೇ. ಕೆ. ಸುಧಾಕರ ರಾವ್ ಅವರ 7ನೇ ವೇತನ ಆಯೋಗ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಆ ಆಗಸ್ಟ್ 1ರಿಂದ ಹೊಸ ವೇತನ ಬಂತು, ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ ಏರಿತು. ಅದೂ ಸದಸ್ಯ, ಸದಸ್ಯನಲ್ಲ ಎಂದು ನೋಡಿ ಬರಲಿಲ್ಲ. 2006ರ ಏಪ್ರಿಲ್ 1ರ ನಂತರ ಸೇರಿದವರ ಹಳೆ ಪಿಂಚಣಿಯ ಹೋರಾಟ ಗೆದ್ದರೆ ಅದೂ ಎಲ್ಲರಿಗೂ ಬರುತ್ತದೆ. ದೊಡ್ಡ ಗೆಲುವುಗಳೆಲ್ಲ ಮಳೆ ಇದ್ದ ಹಾಗೆ. ಬಿತ್ತಿದವನ ಗದ್ದೆಗೂ ಬೀಳುತ್ತದೆ, ಬಿತ್ತದವನ ಗದ್ದೆಗೂ ಬೀಳುತ್ತದೆ.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಜನ ನಮ್ಮನ್ನು 'ಯೂನಿಯನ್ನವರು' ಎನ್ನುತ್ತಾರೆ. 1926ರ ಕಾರ್ಮಿಕ ಸಂಘಗಳ ಕಾಯ್ದೆಯ ಯೂನಿಯನ್ ಬೇರೆ. ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಾಯಿಸಿದ ಸಂಘ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19(1)(ಸಿ) ವಿಧಿ ಕೊಟ್ಟಿದೆ. ಆದರೆ ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕು ಇಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ನಮ್ಮ ಕೈಯಲ್ಲಿ ದಿನನಿತ್ಯ ಇರುವುದು ಮನವಿ, ಮಾತುಕತೆ ಮತ್ತು ಕಾಗದ. ಕಾಗದದ ಬೆಲೆ ಏನು ಎನ್ನುವುದೇ ಈ ಪ್ರಕರಣ.

ಕಕ್ಕಡದ ಮಳೆ

ಗೋಡೆ ಇದ್ದದ್ದು ಬೆಟ್ಟದ ಬದಿಯ ಒಂದು ರಸ್ತೆಯಲ್ಲಿ. ರಸ್ತೆ ಅಗಲ ಮಾಡುವಾಗ ಮೇಲಿನ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ಕಡಿದಿದ್ದರು. ಆ ಬರೆ ಜರಿಯದಂತೆ 32 ಮೀಟರ್ ಉದ್ದ, 4 ಮೀಟರ್ ಎತ್ತರದ ಕಲ್ಲಿನ ತಡೆಗೋಡೆ. ಅದರ ಮೇಲೆ ಕಾಫಿ ತೋಟ, ಸಾಲು ಸಿಲ್ವರ್ ಓಕ್. 2018ರ ಆಗಸ್ಟಿನ ಭೂಕುಸಿತ ಆದ ಮೇಲೆ ಕೊಡಗಿನಲ್ಲಿ ಬರೆ ಎಂದರೆ ಜನರಿಗೆ ಭಯ. ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಎಂಬ ಹೆಸರು ಕೇಳಿದರೆ ಸಾಕು. ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಕಡಿದುಹೋದದ್ದನ್ನು ಕಣ್ಣಾರೆ ಕಂಡವರು ನಾವು.

ಆಗಸ್ಟ್ 3 ಎಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ. ಮದ್ದುಸೊಪ್ಪಿನ ಪಾಯಸದ ದಿನ. ಆಫೀಸಿನಲ್ಲಿ ಯಾರೋ ಡಬ್ಬಿಯಲ್ಲಿ ತಂದು ಮೇಡಂಗೂ ಕೊಟ್ಟಿದ್ದರು. ಹೀಗಾಗಿ ತಾರೀಖಿನ ಬಗ್ಗೆ ಯಾರಿಗೂ ಗೊಂದಲ ಆಗಲಿಲ್ಲ. ಅದರ ಹಿಂದಿನ ದಿನವೇ ಅವರು ಗೋಡೆಯ ನಡುಭಾಗ ಸ್ವಲ್ಪ ಉಬ್ಬಿದ್ದನ್ನು ನೋಡಿದ್ದರು. ಫೋಟೋ ತೆಗೆದು ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಮೂರು ಹೆಬ್ಬೆಟ್ಟು ಬಂದವು. ಅಷ್ಟೇ.

ಆ ಫೋಟೋವನ್ನು ನಾನು ಆಮೇಲೆ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಮಳೆ ಜೋರಾಗಿ ಸುರಿಯುತ್ತಿದೆ. ಗೋಡೆಯ ತಲೆಯ ಮೇಲಿಂದ ಕೆಂಪು ನೀರು ಇಳಿಯುತ್ತಿದೆ. ಆದರೆ ಗೋಡೆಯೊಳಗಿಂದ ನೀರು ಬಸಿಯಲು ಇಟ್ಟ ಪೈಪುಗಳಲ್ಲಿ, ಅಂದರೆ ವೀಪ್ ಹೋಲ್‌ಗಳಲ್ಲಿ, ಕೆಳಗಿನ ಸಾಲಿನಲ್ಲಿ ಬರೀ ತೊಟ್ಟು ತೊಟ್ಟು. ಹೊರಗಿನವರಿಗೆ ಇದು ಸಾಮಾನ್ಯ ಚಿತ್ರ. ಎಂಜಿನಿಯರಿಗೆ ಎದೆ ಝಲ್ಲೆನ್ನುವ ಚಿತ್ರ. ನೀರು ಹೊರಗೆ ಬರುತ್ತಿಲ್ಲ ಎಂದರೆ ಒಳಗೆ ನಿಂತಿದೆ.

ಲೆಕ್ಕ ಕಷ್ಟದ್ದಲ್ಲ. 4 ಮೀಟರ್ ಎತ್ತರದ ಗೋಡೆಯ ಹಿಂದೆ ಒಣ ಮಣ್ಣಿದ್ದರೆ ಅದು ಪ್ರತಿ ಮೀಟರ್ ಉದ್ದಕ್ಕೆ ಸುಮಾರು 5 ಟನ್ ನೂಕುತ್ತದೆ. ಅದೇ ಮಣ್ಣಿನಲ್ಲಿ ಗೋಡೆಯ ತಲೆಯವರೆಗೆ ನೀರು ತುಂಬಿದರೆ, ನೀರೊಂದೇ 8 ಟನ್ ನೂಕುತ್ತದೆ. ನೆನೆದ ಮಣ್ಣಿನದು ಸೇರಿ 10 ಟನ್ ದಾಟುತ್ತದೆ. ಎರಡು ಪಟ್ಟು. ಕಲ್ಲು ಗಟ್ಟಿ ಇರಲಿ, ಸಿಮೆಂಟು ಸರಿಯಾಗಿ ಹಾಕಿರಲಿ, ನೀರಿಗೆ ದಾರಿ ಇಲ್ಲದ ಗೋಡೆ ಈ ಬೆಟ್ಟದಲ್ಲಿ ನಿಲ್ಲುವುದಿಲ್ಲ.

4ರ ರಾತ್ರಿ 32 ಮೀಟರಿನಲ್ಲಿ 14 ಮೀಟರ್ ಮಗುಚಿ ರಸ್ತೆಗೆ ಬಿತ್ತು. ಬದಿಯಲ್ಲಿ ನಿಲ್ಲಿಸಿದ್ದ ಒಂದು ಜೀಪು ಜಜ್ಜಿಹೋಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಬೆಳಿಗ್ಗೆ ಅದೇ ರಸ್ತೆಯಲ್ಲಿ ಶಾಲೆ ಮಕ್ಕಳ ಬಸ್ಸು ಹೋಗುತ್ತದೆ. ಜನರ ಸಿಟ್ಟು ನ್ಯಾಯವಾದದ್ದೇ. ವಿಡಿಯೋ ಊರೆಲ್ಲ ಓಡಾಡಿತು. 'ಕಳಪೆ ಕಾಮಗಾರಿ' ಎಂಬ ಎರಡು ಪದ ಅದರ ಮೇಲೆ. ಕಟ್ಟಿ ಒಂದೂವರೆ ವರ್ಷವೂ ಆಗಿರಲಿಲ್ಲ. 7ನೇ ತಾರೀಖು ಮೇಡಂ ಕೈಗೆ ಅಮಾನತಿನ ಆದೇಶ ಬಂತು.

ಮೂರು ಗಂಟೆಯ ಜಗಳ

ಅಮಾನತಾದವರು ಅನುಮತಿ ಇಲ್ಲದೆ ಕೇಂದ್ರಸ್ಥಾನ ಬಿಡುವಂತಿಲ್ಲ. ಊರಿಗೆ ಹೋಗಿ ಅಮ್ಮನ ಜೊತೆ ಕೂತು ಅಳೋಣ ಎಂದರೂ ಆಗುವುದಿಲ್ಲ. ಬಾಡಿಗೆ ಮನೆ, ಹೊರಗೆ ಮಳೆ, ಫೋನಿನಲ್ಲಿ ಅದೇ ವಿಡಿಯೋ. ಸಂಬಳದ ಬದಲು ಅರ್ಧ ಸಂಬಳದಷ್ಟು ಜೀವನಾಧಾರ ಭತ್ಯೆ. 9ನೇ ತಾರೀಖು ಅವರು ನಮ್ಮ ಖಜಾಂಚಿಯ ಆಫೀಸಿಗೆ ಹೋಗಿ 1,200 ರೂಪಾಯಿ ಕೊಟ್ಟು ರಸೀದಿ ಪಡೆದರು. ಆಮೇಲೆ ನನಗೆ ಫೋನ್ ಮಾಡಿದರು. "ಸರ್, ಈಗ ಬಂದಿದೀನಿ ಅಂತ ಬೈಬೇಡಿ" ಎಂದರು. ನಾನು ಬೈಯಲಿಲ್ಲ.

ಸಮಿತಿಯಲ್ಲಿ ಬೈದವರಿದ್ದರು. ನಮ್ಮ ಸಂಘಕ್ಕೆ ಒಂದು ಕಾನೂನು ನೆರವು ನಿಧಿ ಇದೆ. ಅದರ ನಿಯಮ ಸರಳ. ಘಟನೆ ನಡೆಯುವ ದಿನಕ್ಕೆ ಸದಸ್ಯತ್ವ ಆರು ತಿಂಗಳು ಹಳೆಯದಾಗಿರಬೇಕು, ಆ ವರ್ಷದ ಚಂದಾ ಕಟ್ಟಿರಬೇಕು. "ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡೋಕೆ ಬಂದವರಿಗೆಲ್ಲ ನಮ್ಮ ಕೊಡ ಕೊಡ್ಬೇಕಾ?" ಎಂದರು ಒಬ್ಬ ಹಿರಿಯರು. ಇನ್ನೊಬ್ಬರು, ಚಿಕ್ಕ ವಯಸ್ಸಿನವರು, ಎದ್ದು ನಿಂತರು. "ಸಂಘ ಇರೋದೇ ಕಷ್ಟಕ್ಕೆ ಅಲ್ವಾ ಸರ್? ಇವತ್ತು ಇಲ್ಲ ಅಂದ್ರೆ ಅವರ ವಯಸ್ಸಿನವರು ಒಬ್ಬರೂ ನಮ್ಮ ಹತ್ರ ಬರಲ್ಲ."

ಎರಡೂ ಮಾತಿನಲ್ಲಿ ನಿಜ ಇತ್ತು. ಆದರೆ ನಿಧಿಯ ಹಣ ಕೊಡಬಾರದು ಎಂದೇ ನಾನು ಕೈ ಎತ್ತಿದೆ. ಕಾರಣ ಒಂದು ಹಳೆಯ ಘಟನೆ. ಕೆಲವು ವರ್ಷಗಳ ಹಿಂದೆ ನಮ್ಮವರೊಬ್ಬರು ಹನ್ನೊಂದು ವರ್ಷ ಚಂದಾ ಕಟ್ಟಿದವರು, ಹನ್ನೆರಡನೇ ವರ್ಷ ಆಸ್ಪತ್ರೆ ಓಡಾಟದಲ್ಲಿ ಮರೆತರು. ಅದೇ ವರ್ಷ ಅವರ ಮೇಲೆ ವಿಚಾರಣೆ ಬಂತು. ನಿಯಮ ಓದಿ ನಾವು ಅವರಿಗೆ ಇಲ್ಲ ಎಂದೆವು. ಆ ಮನುಷ್ಯ ಇವತ್ತಿಗೂ ಬೇಜಾರು ಮಾಡಿಕೊಳ್ಳದೆ ಮಾತಾಡಿಸುತ್ತಾರೆ. ಅವರಿಗೆ ಇಲ್ಲ ಎಂದ ಬಾಯಿಂದ ಇವರಿಗೆ ಹೂಂ ಎನ್ನುವುದು ನನ್ನಿಂದ ಆಗಲಿಲ್ಲ. ನಿಧಿ ನಮ್ಮ ಸಮಿತಿಯದ್ದಲ್ಲ, ತಿಂಗಳು ತಿಂಗಳು ನೂರು ರೂಪಾಯಿ ಎತ್ತಿಟ್ಟವರದ್ದು.

ಕೊನೆಗೆ ಆದ ತೀರ್ಮಾನ ಹೀಗೆ. ಹಣ ಇಲ್ಲ. ಆದರೆ ಸದಸ್ಯೆ ಅಂದ ಮೇಲೆ ಸದಸ್ಯೆ, ಸಂಘದ ಜನ, ಅನುಭವ, ಸಮಯ ಎಲ್ಲ ಅವರಿಗೂ ಸೇರಿದ್ದು. ಕೋರ್ಟಿಗೆ ಹೋಗುವ ಹಾಗಾದರೆ ವಕೀಲರ ಫೀಸು ಅವರದ್ದೇ. ಅವರ ಜೊತೆ ವಿಚಾರಣೆಗೆ ಯಾರು ಕೂರುತ್ತೀರಿ ಎಂದಾಗ ನಾನು ಒಪ್ಪಿಕೊಂಡೆ. ಹಣ ಬೇಡ ಎಂದವನು ಕನಿಷ್ಠ ಸಮಯವನ್ನಾದರೂ ಕೊಡಬೇಕಲ್ಲ.

ಗೋಡೆಯನ್ನು ಕೆಡವಬೇಡಿ

ಮೊದಲ ಸಲಹೆ ಕೊಟ್ಟದ್ದು ನಾನಲ್ಲ. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ, ಸಮಿತಿಯಲ್ಲಿ ಬೈದ ಅದೇ ಹಿರಿಯರು. ಹೊರಗೆ ಬಂದು ಮೇಡಂ ಹತ್ತಿರ ನಿಂತು ಕೇಳಿದರು: "ನೋಡಮ್ಮ, ಉಳಿದ ಗೋಡೆ ಇನ್ನೂ ನಿಂತಿದ್ಯಾ?" ನಿಂತಿತ್ತು. 18 ಮೀಟರ್. "ಹಾಗಾದ್ರೆ ಇವತ್ತೇ ಪತ್ರ ಕೊಡು. ಜಂಟಿ ತಪಾಸಣೆ ಆಗೋ ತನಕ ಕೆಡವಬಾರದು ಅಂತ. ಅದೇ ನಿನ್ನ ಸಾಕ್ಷಿ."

ನಾವು ಯಾರೂ ಅದನ್ನು ಯೋಚಿಸಿರಲಿಲ್ಲ. ಎಲ್ಲರೂ ಬಿದ್ದ ಗೋಡೆ ನೋಡುತ್ತಿದ್ದೆವು. ಬಿದ್ದದ್ದರಲ್ಲಿ ಏನೂ ಉಳಿದಿರಲಿಲ್ಲ, ಜೆಸಿಬಿ ತಂದು ರಸ್ತೆ ತೆರವು ಮಾಡಿದ್ದರು. ನಿಂತಿದ್ದರಲ್ಲಿ ಎಲ್ಲವೂ ಇತ್ತು. ಹೊಸ ಗೋಡೆಗಾಗಿ ಅದನ್ನೂ ಕೆಡವುವ ತಯಾರಿ ಆಗಲೇ ಶುರುವಾಗಿತ್ತು. ಇನ್ನೊಂದು ವಾರ ತಡವಾಗಿದ್ದರೆ ಈ ಪ್ರಕರಣ ಬೇರೆ ರೀತಿ ಮುಗಿಯುತ್ತಿತ್ತು. ಪತ್ರ ಕೊಟ್ಟೆವು, ಟಪಾಲಿನಲ್ಲಿ ಸ್ವೀಕೃತಿ ನಂಬರ್ ಹಾಕಿಸಿಕೊಂಡೆವು. ಹತ್ತು ದಿನದಲ್ಲಿ ಜಂಟಿ ತಪಾಸಣೆ ನಡೆಯಿತು. ಉಳಿದ ಗೋಡೆಯ ತುದಿಯಲ್ಲಿ ಹಿಂಬದಿ ಅಗೆದು ನೋಡಿದರು. ಎಸ್ಟಿಮೇಟಿನಲ್ಲಿ ಹೇಳಿದ ಹಾಗೆ ಗೋಡೆಯ ಬೆನ್ನಿಗೆ 600 ಮಿಲಿಮೀಟರ್ ದಪ್ಪ ಕಲ್ಲಿನ ಫಿಲ್ಟರ್ ಇತ್ತು. ಟೇಪು ಇಟ್ಟು ಫೋಟೋ ತೆಗೆದರು. ಮಹಜರಿಗೆ ನಾಲ್ಕು ಸಹಿ ಬಿದ್ದವು. ಫಿಲ್ಟರಿನ ಕಲ್ಲುಗಳ ಸಂದಿಯಲ್ಲಿ ಮೇಲಿನ ತೋಟದ ಕೆಂಪು ಮಣ್ಣು ಬೆಣ್ಣೆ ಸವರಿದ ಹಾಗೆ ಕೂತಿತ್ತು. ಮೇಲಿಂದ ಕೊಚ್ಚಿ ಬಂದ ಮಣ್ಣು ನೀರಿನ ದಾರಿ ಮುಚ್ಚಿತ್ತು.

ಆ ಮಣ್ಣು ಅಲ್ಲಿಗೆ ಯಾಕೆ ಬಂತು? ಗೋಡೆಯ ಮೇಲ್ಭಾಗದಲ್ಲಿ, ಬರೆಯ ತಲೆಯಲ್ಲಿ, ತೋಟದ ನೀರನ್ನು ಬೇರೆ ಕಡೆ ತಿರುಗಿಸುವ ಒಂದು ಚರಂಡಿ ಇರಬೇಕಿತ್ತು. ಮೇಡಂ ಮಾಡಿದ ಮೊದಲ ಎಸ್ಟಿಮೇಟಿನಲ್ಲಿ ಅದು ಇತ್ತು. ಅನುದಾನಕ್ಕೆ ಹೊಂದಿಸಲು ಮೇಲೆ ಕಡಿತ ಆದಾಗ ಗೋಡೆ ಉಳಿಯಿತು, ಚರಂಡಿ ಹೋಯಿತು. ಗೋಡೆ ಕಣ್ಣಿಗೆ ಕಾಣುತ್ತದೆ, ಚರಂಡಿ ಕಾಣುವುದಿಲ್ಲ. ನನ್ನ ಸೇವೆಯಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೆ! ಕಡಿಯಬೇಕು ಎಂದಾಗ ಮೊದಲು ಹೋಗುವುದು ನೀರಿನ ಕೆಲಸ. ಬೆಟ್ಟದ ಜಿಲ್ಲೆಯಲ್ಲಿ ಅದೇ ಮೊದಲು ಇರಬೇಕಾದ ಕೆಲಸ.

ಮೂರು ತಿಂಗಳು

ನವೆಂಬರ್ ಮೊದಲ ವಾರ ಕಳೆದರೂ ದೋಷಾರೋಪಣ ಪಟ್ಟಿ ಬಂದಿರಲಿಲ್ಲ. ಅಮಾನತು ಮಾತ್ರ ಮುಂದುವರಿದಿತ್ತು. ಇಲ್ಲಿ ಸಂಘದ ರಾಜ್ಯ ಸಮಿತಿಯವರು ನೆರವಾದರು. ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಒಂದು ಮಾತು ಹೇಳಿದೆ. ಮೂರು ತಿಂಗಳೊಳಗೆ ಆರೋಪ ಪಟ್ಟಿ ಕೊಡದಿದ್ದರೆ ಅಮಾನತನ್ನು ಅದರಾಚೆ ಎಳೆಯಬಾರದು. ಇದನ್ನು ಉಲ್ಲೇಖಿಸಿ ಎರಡು ಪುಟದ ಮನವಿ ಕೊಟ್ಟೆವು. ಜಗಳ ಇಲ್ಲ, ಧಿಕ್ಕಾರ ಇಲ್ಲ. ಡಿಸೆಂಬರಿನಲ್ಲಿ ಅಮಾನತು ತೆರವಾಯಿತು. ಬೇರೆ ಕಚೇರಿಯಲ್ಲಿ, ಸೈಟಿಗೆ ಹೋಗದ ಹುದ್ದೆಯಲ್ಲಿ ಕೂರಿಸಿದರು. ಪೂರ್ತಿ ಸಂಬಳ ಶುರುವಾಯಿತು.

ಆ ತಿಂಗಳೇ ಆರೋಪ ಪಟ್ಟಿಯೂ ಬಂತು. ಸರ್ಕಾರಿ ನೌಕರರ ಮೇಲಿನ ಶಿಸ್ತು ಕ್ರಮದ 1957ರ ಸಿಸಿಎ ನಿಯಮಗಳ 11ನೇ ನಿಯಮದಡಿ ಎರಡು ಆರೋಪ. ಒಂದು, ಕಳಪೆ ಕಾಮಗಾರಿಗೆ ಅಳತೆ ಬರೆದು ಸರ್ಕಾರಕ್ಕೆ 18 ಲಕ್ಷದ 40 ಸಾವಿರ ನಷ್ಟ ಮಾಡಿದ್ದು. ಮೂವರಲ್ಲಿ ಹಂಚಿ ಅವರ ಪಾಲು 6 ಲಕ್ಷದ 13 ಸಾವಿರ ವಸೂಲಿ ಎಂಬ ಲೆಕ್ಕವೂ ಕಡತದಲ್ಲಿ ಇತ್ತು. ಎರಡು, ಗೋಡೆ ಉಬ್ಬಿದ್ದು ಗೊತ್ತಿದ್ದೂ ಲಿಖಿತ ವರದಿ ಕೊಡದೆ, ರಸ್ತೆ ಬದಿ ಎಚ್ಚರಿಕೆ ಫಲಕ ಹಾಕದೆ ಇದ್ದದ್ದು.

ಹೊಸಬರಿಗೆ ಗೊತ್ತಿರದ ಒಂದು ವಿಷಯ ಇದೆ. ಇಲಾಖಾ ವಿಚಾರಣೆಗೆ ವಕೀಲರನ್ನು ಸುಮ್ನೆ ಕರೆದುಕೊಂಡು ಹೋಗಲು ಆಗುವುದಿಲ್ಲ. ಇಲಾಖೆಯ ಪರ ವಾದಿಸುವ ಮಂಡನಾಧಿಕಾರಿ ವಕೀಲರಾಗಿದ್ದರೆ ಅಥವಾ ಶಿಸ್ತು ಪ್ರಾಧಿಕಾರ ಅನುಮತಿ ಕೊಟ್ಟರೆ ಮಾತ್ರ. ಆದರೆ ಇನ್ನೊಬ್ಬ ಸರ್ಕಾರಿ ನೌಕರನ ನೆರವು ಪಡೆಯಬಹುದು. ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ? ಮೇಲಧಿಕಾರಿಗಳ ಎದುರು, ನಾಳೆ ತನ್ನ ಬಡ್ತಿಯ ಕಡತ ಅವರ ಮೇಜಿಗೇ ಹೋಗುತ್ತದೆ ಎಂದು ಗೊತ್ತಿದ್ದೂ? ಒಬ್ಬಂಟಿಯಾಗಿ ಕೇಳಿದರೆ ಯಾರೂ ಬರುವುದಿಲ್ಲ. ಸಂಘ ಕಳಿಸಿದರೆ ಬರುತ್ತಾರೆ, ಯಾಕೆಂದರೆ ಬಂದವನ ಬೆನ್ನಿಗೂ ಸಂಘ ಇರುತ್ತದೆ. ಮೇಡಂ 2023ರಲ್ಲಿ ಕೇಳಿದ ಪ್ರಶ್ನೆಗೆ ನಾನು ಕೊಡಬೇಕಿದ್ದ ಉತ್ತರ ಇದು.

27ನೇ ಪುಟ

ಆರೋಪಕ್ಕೆ ಆಧಾರವಾದ ದಾಖಲೆಗಳನ್ನು ನೋಡುವ ಹಕ್ಕು ಆರೋಪಿತರಿಗೆ ಇದೆ. ನಾವು ಕೇಳಿದ ಪಟ್ಟಿಯಲ್ಲಿ ಅಳತೆ ಪುಸ್ತಕ, ಮೊದಲ ಎಸ್ಟಿಮೇಟ್, ಕಡಿತ ಆದ ಎಸ್ಟಿಮೇಟ್, ಮಹಜರು ಮತ್ತು ಸೈಟಿನಲ್ಲೇ ಸೂಚನೆ ಬರೆದಿಡುವ ಸೈಟ್ ಆರ್ಡರ್ ಬುಕ್ ಇದ್ದವು. ಕೊನೆಯದರ ಬಗ್ಗೆ ನಮಗೆ ಭಯ. ಚರಂಡಿಯ ಬಗ್ಗೆ ಅದರಲ್ಲಿ ಬರೆದಿದ್ದೇನೆ ಎಂದು ಮೇಡಂ ಹೇಳುತ್ತಿದ್ದರು, ಆದರೆ ಅವರ ಹತ್ತಿರ ಪ್ರತಿ ಇರಲಿಲ್ಲ. ಪುಸ್ತಕ ಗುತ್ತಿಗೆದಾರರ ಸಿಮೆಂಟ್ ಶೆಡ್ಡಿನಲ್ಲಿ ಇರುತ್ತಿತ್ತು. ಆ ಪುಟ ಇಲ್ಲದಿದ್ದರೆ?

ದಾಖಲೆ ನೋಡಲು ಕರೆದ ದಿನ ಪುಸ್ತಕ ಬಂತು. ಮುಖಪುಟ ಅರ್ಧ ಇರಲಿಲ್ಲ. ಮಡಿಕೆಯಲ್ಲಿ ಸಿಮೆಂಟಿನ ಪುಡಿ, ಹಾಳೆ ತೇವಕ್ಕೆ ಅಲೆ ಅಲೆಯಾಗಿತ್ತು. ನಾನು ಒಂದೊಂದೇ ಪುಟ ಬಿಡಿಸಿದೆ. ಎರಡು ಹಾಳೆ ಅಂಟಿಕೊಂಡಿದ್ದವು, ಮೇಡಂ ತಮ್ಮ ಗುರುತಿನ ಚೀಟಿಯ ಅಂಚಿನಿಂದ ಮೆಲ್ಲಗೆ ಬಿಡಿಸಿದರು. 27ನೇ ಪುಟ. ಮಾರ್ಚ್ ತಿಂಗಳ ತಾರೀಖು. ನೀಲಿ ಶಾಯಿ ಹರಡಿತ್ತು, ಆದರೂ ಓದಬಹುದಿತ್ತು. "ಮೇಲ್ಭಾಗದ ಚರಂಡಿ ಇಲ್ಲದಿದ್ದರೆ ತೋಟದ ನೀರು ಗೋಡೆಯ ಹಿಂದೆ ಸೇರುತ್ತದೆ. ಮಳೆಗಾಲದ ಒಳಗೆ ಹೆಚ್ಚುವರಿ ಎಸ್ಟಿಮೇಟ್ ಮಂಜೂರಾಗಬೇಕು." ಅದರ ಕೆಳಗೆ ಹಸಿರು ಶಾಯಿಯಲ್ಲಿ ಒಂದು ಚಿಕ್ಕ ಸಹಿ, ಸೈಟಿಗೆ ಬಂದ ಮೇಲಧಿಕಾರಿಯದ್ದು. ಷರಾ ಏನೂ ಇಲ್ಲ. ನೋಡಿದೆ ಎಂಬುದಕ್ಕೆ ಗುರುತು ಮಾತ್ರ.

ಮೇಡಂ ಏನೂ ಮಾತಾಡಲಿಲ್ಲ. ಕನ್ನಡಕ ತೆಗೆದು ದುಪಟ್ಟಾದಿಂದ ಒರೆಸಿಕೊಂಡರು. ನಾನು ಪುಟದ ನಂಬರ್ ಬರೆದುಕೊಂಡು ದೃಢೀಕೃತ ಪ್ರತಿಗೆ ಅರ್ಜಿ ಹಾಕಿದೆ.

ಇನ್ನು ಮಳೆಯ ಲೆಕ್ಕ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಹೋಬಳಿ, ಪಂಚಾಯಿತಿ ಮಟ್ಟದಲ್ಲಿ ಇವೆ. ಗೋಡೆಗೆ ಹತ್ತಿರದ ಮಾಪಕದ ಅಂಕಿಯನ್ನು ಮಾಹಿತಿ ಹಕ್ಕಿನಲ್ಲಿ ಪಡೆದೆವು. ಆಗಸ್ಟ್ 4ರದ್ದು 96 ಮಿಲಿಮೀಟರ್. ಮಂಡನಾಧಿಕಾರಿ ಅದನ್ನೇ ಹಿಡಿದರು: ಕೊಡಗಿಗೆ ಇದು ಅಂಥ ದೊಡ್ಡ ಮಳೆಯಲ್ಲ, ಇಷ್ಟಕ್ಕೆ ಬಿತ್ತು ಎಂದರೆ ಕೆಲಸವೇ ಕಳಪೆ. ಆದರೆ ಮಾಪಕ ಇದ್ದದ್ದು ಬೆಟ್ಟದ ಇನ್ನೊಂದು ಮಗ್ಗುಲಲ್ಲಿ. ಭಾಗಮಂಡಲದ ಕಡೆ ಸುರಿಯುವ ಮಳೆಗೂ ಕುಶಾಲನಗರದ ಮಳೆಗೂ ಎಷ್ಟು ವ್ಯತ್ಯಾಸ ಎಂದು ಇಲ್ಲಿ ಮಕ್ಕಳಿಗೂ ಗೊತ್ತು. ಒಂದು ಏಣು ದಾಟಿದರೆ ಮಳೆ ಬೇರೆ.

ಮೇಡಂಗೆ ಗೋಡೆಯ ಮೇಲಿನ ತೋಟದ ಯಜಮಾನರು ನೆನಪಾದರು. ಕೊಡಗಿನಲ್ಲಿ ಕಾಫಿ ಬೆಳೆಗಾರರು ಮನೆ ಅಂಗಳದಲ್ಲೇ ಮಳೆ ಅಳೆಯುತ್ತಾರೆ. ಇಂಚು ಮತ್ತು ಸೆಂಟ್ಸಿನಲ್ಲಿ (ಒಂದು ಇಂಚಿಗೆ ನೂರು ಸೆಂಟ್ಸ್) ಬರೆದಿಡುತ್ತಾರೆ, ಅಪ್ಪ ಬರೆದ ಪುಸ್ತಕದ ಮುಂದೆ ಮಗ ಬರೆಯುತ್ತಾನೆ. ನಾವಿಬ್ಬರೂ ಹೋದೆವು. ಹಿರಿಯರು ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, "ನಿಮ್ಮ ಗೋಡೆ ನನ್ನ ತೋಟದ ನೀರಿಗೇ ಬಿತ್ತಲ್ಲಮ್ಮ" ಎಂದರು. ಅವರ ದನಿಯಲ್ಲಿ ಆರೋಪ ಇರಲಿಲ್ಲ, ಬೇಸರ ಇತ್ತು. ಉದ್ದನೆಯ ಲೆಕ್ಕದ ಪುಸ್ತಕ ತಂದರು. ಆಗಸ್ಟ್ 2ಕ್ಕೆ 4.20, 3ಕ್ಕೆ 5.65, 4ಕ್ಕೆ 6.10. ಮೂರು ದಿನದಲ್ಲಿ 16 ಇಂಚಿಗೆ ಹತ್ತಿರ. 4ನೆಯ ತಾರೀಖಿನದ್ದೇ 155 ಮಿಲಿಮೀಟರ್. ಪುಸ್ತಕ ಹಿಡಿದು ಅವರೇ ಸಾಕ್ಷಿ ಹೇಳಲು ಬಂದರು. ಇಲಾಖಾ ವಿಚಾರಣೆ ಕೋರ್ಟಿನಷ್ಟು ಕಟ್ಟುನಿಟ್ಟಾಗಿ ಸಾಕ್ಷ್ಯದ ನಿಯಮಕ್ಕೆ ಕಟ್ಟುಬೀಳುವುದಿಲ್ಲ. ವಿಚಾರಣಾಧಿಕಾರಿ ಎರಡು ಅಂಕಿಗಳನ್ನೂ ದಾಖಲಿಸಿಕೊಂಡರು. "ಈ ಪುಸ್ತಕ ಎಷ್ಟು ವರ್ಷದ್ದು?" ಎಂದು ಕೇಳಿದರು. "ನಂದು 31 ವರ್ಷ. ಹಿಂದಿನದು ಅಪ್ಪಂದು" ಎಂದರು ಹಿರಿಯರು.

ಏನು ಸಿಕ್ಕಿತು, ಏನು ಸಿಗಲಿಲ್ಲ

ವಿಚಾರಣೆ ಎಂಟು ತಿಂಗಳು ನಡೆಯಿತು. ವರದಿಯ ಪ್ರತಿಯನ್ನು ಶಿಕ್ಷೆಗೆ ಮೊದಲು ನೌಕರರಿಗೆ ಕೊಡಬೇಕು ಎಂದು 1990ರಿಂದಲೇ ಸುಪ್ರೀಂ ಕೋರ್ಟಿನ ತೀರ್ಪಿದೆ. ನಾವು ಕೇಳುವ ಮೊದಲೇ ಕೊಟ್ಟರು, ಅದನ್ನು ಒಪ್ಪಬೇಕು. ಮೊದಲ ಆರೋಪ ಸಾಬೀತಾಗಿಲ್ಲ ಎಂದು ಬಂತು. ಎಸ್ಟಿಮೇಟಿನಲ್ಲಿದ್ದ ಕೆಲಸ ಆಗಿದೆ, ಗೋಡೆ ಬಿದ್ದದ್ದು ಎಸ್ಟಿಮೇಟಿನಿಂದ ತೆಗೆದ ಕೆಲಸದಿಂದ. ವಸೂಲಿಯ ಪ್ರಸ್ತಾಪ ಬಿದ್ದುಹೋಯಿತು.

ಎರಡನೇ ಆರೋಪ ಸಾಬೀತಾಯಿತು. ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕುವುದು ವರದಿ ಅಲ್ಲ ಎಂದು ವಿಚಾರಣಾಧಿಕಾರಿ ಬರೆದರು. ಮೇಡಂಗೆ ವಾಗ್ದಂಡನೆ ಆಯಿತು. ನಾನು ಅವರ ಪರ ಕೂತವನು, ಆದರೂ ಇದು ನ್ಯಾಯವೇ ಎನ್ನುತ್ತೇನೆ. ಗೋಡೆ ಉಬ್ಬಿದ್ದು ಕಂಡ ದಿನವೇ ಎರಡು ಡ್ರಮ್ಮು, ಒಂದು ಹಗ್ಗ ಕಟ್ಟಿ ಆ ಬದಿಯನ್ನಾದರೂ ಮುಚ್ಚಬೇಕಿತ್ತು. ಶಾಲೆ ಬಸ್ಸು ಹೋಗುವ ಹೊತ್ತಿಗೆ ಬಿದ್ದಿದ್ದರೆ ನಾವು ಯಾವ ಪುಟ ತೆರೆದು ತೋರಿಸುತ್ತಿದ್ದೆವು? ಅವರಿಗೂ ಇದನ್ನೇ ಹೇಳಿದೆ. "ಗೊತ್ತು ಸರ್, ಅದೊಂದು ನನ್ನ ತಪ್ಪೇ" ಎಂದರು. ಮೇಲ್ಮನವಿ ಹಾಕಲಿಲ್ಲ. ಕೆಎಟಿಗೆ, ಅಂದರೆ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ, ಹೋಗಲು ಅಂತಿಮ ಆದೇಶದಿಂದ ಒಂದು ವರ್ಷ ಸಮಯ ಇದೆ, ಬೆಂಗಳೂರಿಗೆ ಓಡಾಡಬೇಕು, ವಕೀಲರ ಖರ್ಚು ಕೈಯಿಂದ. ಅದು ಬೇಡ ಎಂದು ಅವರೇ ತೀರ್ಮಾನಿಸಿದರು.

ಚರಂಡಿ ತೆಗೆದು ಹಾಕಿದ ಕೈ ಯಾವುದು ಎಂದು ಯಾರೂ ಕೇಳಲಿಲ್ಲ. ಹಸಿರು ಶಾಯಿಯ ಸಹಿ ಹಾಕಿದವರಿಗೆ ಒಂದು ನೋಟಿಸ್ ಹೋಯಿತು ಎಂದು ಕೇಳಿದೆ. ಅಲ್ಲಿಗೆ ನಿಂತಿತು. ನನಗೆ ಅತೀ ನೋವು ಕೊಡುವ ಭಾಗ ಇದು. ಸೈಟಿನಲ್ಲಿ ನಿಂತವರ ಹೆಸರು ಮಾತ್ರ ಎಲ್ಲರ ಬಾಯಲ್ಲಿ ಇರುತ್ತದೆ. ಕಡತದಲ್ಲಿ ಗೆರೆ ಎಳೆದವರ ಹೆಸರು ಕಡತದೊಳಗೇ ಇರುತ್ತದೆ. ಅನುದಾನಕ್ಕೆ ಹೊಂದಿಸಲು ನೀರಿನ ಕೆಲಸ ತೆಗೆಯುವುದಾದರೆ ತೆಗೆದವರು ಕಾರಣ ಬರೆದು ಸಹಿ ಹಾಕಬೇಕು ಎಂದು ಸಂಘದಿಂದ ಮುಖ್ಯ ಎಂಜಿನಿಯರರಿಗೆ ಮನವಿ ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ.

ಸಂಘದೊಳಗೆ ಒಂದು ಬದಲಾವಣೆ ಆಯಿತು. ಆರು ತಿಂಗಳ ನಿಯಮ ಹಾಗೇ ಇದೆ. ಆದರೆ ಹಳೆಯ ಸದಸ್ಯರು ಚಂದಾ ಮರೆತರೆ 90 ದಿನದೊಳಗೆ ಕಟ್ಟಬಹುದು, ನಡುವಿನ ಘಟನೆಗೂ ನೆರವು ಸಿಗುತ್ತದೆ ಎಂದು ಸೇರಿಸಿದೆವು. ಆ ಹನ್ನೊಂದು ವರ್ಷದವರ ಹೆಸರು ಹೇಳಿಯೇ ಠರಾವು ಮಂಡಿಸಿದೆ. ಹೊಸದಾಗಿ ಸೇರಿದ ಸಹಾಯಕ ಮತ್ತು ಕಿರಿಯ ಎಂಜಿನಿಯರುಗಳಿಗೆ ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದಂದು ಹಾರ, ಭಾಷಣದ ಜೊತೆ ಒಂದು ಗಂಟೆ ಕಾಗದದ ಪಾಠ ಇಟ್ಟಿದ್ದೇವೆ. ಸೈಟ್ ಆರ್ಡರ್ ಬುಕ್ಕಿನಲ್ಲಿ ಬರೆದ ದಿನವೇ ಫೋಟೋ ತೆಗೆದು ಇ-ಆಫೀಸಿನಲ್ಲಿ (ಸರ್ಕಾರದ ಆನ್‌ಲೈನ್ ಕಡತ ವ್ಯವಸ್ಥೆ) ಹಾಕುವುದು, ಬಾಯಿಮಾತಿನ ಆದೇಶ ಬಂದರೆ ಅದೇ ಸಂಜೆ "ತಾವು ತಿಳಿಸಿದಂತೆ" ಎಂದು ಪತ್ರ ಬರೆಯುವುದು, ಅಪಾಯ ಕಂಡರೆ ಮೊದಲು ರಸ್ತೆ ಮುಚ್ಚಿ ಆಮೇಲೆ ವರದಿ ಕಳಿಸುವುದು. ಪಾಠ ಮಾಡುವುದು ಮೇಡಂ. 27ನೇ ಪುಟದ ಪ್ರತಿಯನ್ನೂ, ವಾಟ್ಸಾಪಿಗೆ ಹಾಕಿದ ಆ ಫೋಟೋವನ್ನೂ ಅವರು ಒಟ್ಟಿಗೇ ತೋರಿಸುತ್ತಾರೆ.

ಆ ಜಾಗದಲ್ಲಿ ಹೊಸ ಗೋಡೆ ಎದ್ದಿದೆ. ಈ ಸಲ ಮೇಲೆ ಚರಂಡಿಯೂ ಇದೆ, ತೋಟದ ಹಿರಿಯರು ಅದಕ್ಕೆ ಬೇಕಾದ ಜಾಗ ಬಿಟ್ಟುಕೊಟ್ಟರು. ಅಮಾನತಿನ ನಾಲ್ಕು ತಿಂಗಳನ್ನು ಕರ್ತವ್ಯದ ಅವಧಿ ಎಂದು ಪರಿಗಣಿಸಿ ಉಳಿದ ಸಂಬಳ ಕೊಡಬೇಕು ಎಂಬ ನಮ್ಮ ಮನವಿ ಮಾತ್ರ ಇನ್ನೂ ಇತ್ಯರ್ಥ ಆಗಿಲ್ಲ. ಎರಡು ನೆನಪೋಲೆ ಹೋಗಿವೆ. ಮೂರನೆಯದನ್ನು ಈ ಸೋಮವಾರ ಕಳಿಸುತ್ತೇವೆ.